ನಾದವಿಲ್ಲದ ಕಲ್ಲಿನೊಳಗೊಂದು ಊರು

ಕೋಲಾರ ಜಿಲ್ಲೆಯ ಶಿಲ್ಪಿಗಳ ಊರಾದ ಶಿವಾರಪಟ್ಟಣದಲ್ಲಿ ಹುಟ್ಟಿದವರು ಕಲ್ಲನ್ನು ಮೊದಲು ಕಿವಿಯಿಂದ ನೋಡುತ್ತಾರೆ. ಸುತ್ತಿಗೆಯಿಂದ ತಟ್ಟಿದಾಗ ಗಂಟೆಯ ನಾದ ಬಂದರೆ ಗಂಡು ಶಿಲೆ, ತಾಳದ ನಾದ ಬಂದರೆ ಹೆಣ್ಣು ಶಿಲೆ, ನಾದವೇ ಬರದಿದ್ದರೆ ನಪುಂಸಕ ಶಿಲೆ. ಮೂರನೆಯದನ್ನು ನಮ್ಮ ಮನೆಯಲ್ಲಿ ಯಾರೂ ವಿಗ್ರಹಕ್ಕೆ ಮುಟ್ಟುವುದಿಲ್ಲ. ಟರ್ಕಿಯ ಗೊರೆಮೆ ಎಂಬ ಊರಿನಲ್ಲಿ ನಾವು ಇಳಿದುಕೊಂಡಿದ್ದ ಕೋಣೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ನಾದವಿಲ್ಲ. ಅಪ್ಪನಾಗಿದ್ದರೆ ಅದನ್ನು ಪಕ್ಕಕ್ಕೆ ಸರಿಸಿ ಮುಂದಿನ ಕಲ್ಲಿಗೆ ಹೋಗುತ್ತಿದ್ದರು. ಆ ಸೀಮೆಯ ಜನ ಅದೇ ಕಲ್ಲಿನೊಳಗೆ ಮನೆ, ಕೊಟ್ಟಿಗೆ, ಕಣಜ, ಅಡುಗೆಮನೆ, ದೇವರಮನೆ, ಗೋರಿ ಎಲ್ಲವನ್ನೂ ಕಡೆದುಕೊಂಡು ಸಾವಿರಾರು ವರ್ಷ ಬಾಳಿದ್ದಾರೆ.

ನಾನು ಮಾಲೂರಿನಲ್ಲಿ ಹೈಸ್ಕೂಲಿಗೆ ಸಮಾಜ ವಿಜ್ಞಾನ ಪಾಠ ಮಾಡುವವಳು. ಅಪ್ಪ, ಅಣ್ಣ, ದೊಡ್ಡಪ್ಪನ ಮಕ್ಕಳು ಎಲ್ಲರೂ ಉಳಿ ಹಿಡಿದವರು. ಯುರೋಪಿನಲ್ಲಿ ಓದುತ್ತಿರುವ ಮಗಳಿಗೆ ರಜೆ ಸಿಕ್ಕಿದಾಗ ಇಬ್ಬರೂ ಸೇರಿ ಗೊರೆಮೆ ಇರುವ ಕಪಡೋಕಿಯಾ ಸೀಮೆಗೆ ಹೋಗುವುದೆಂದು ತೀರ್ಮಾನವಾಯಿತು. ಹೊರಡುವಾಗ ಅಪ್ಪ ಹೇಳಿದ್ದು ಒಂದೇ ಮಾತು: "ಬೆಟ್ಟದ ಫೋಟೊ ಎಲ್ಲಾ ಮೊಬೈಲಿನಲ್ಲೇ ಇದೆ ಕಣಮ್ಮ. ನೀನು ಉಳಿಯ ಗುರುತು ನೋಡಿಕೊಂಡು ಬಾ." ಹಾಗಾಗಿ ಈ ಬರಹದಲ್ಲಿ ಬಿಸಿಗಾಳಿಯ ಬಲೂನುಗಳ ವರ್ಣನೆ ಇಲ್ಲ. ಅವು ಬೆಳಗಿನ ಆಕಾಶದಲ್ಲಿ ಚೆನ್ನಾಗಿಯೇ ಕಾಣುತ್ತವೆ. ನನ್ನ ಮನಸ್ಸೆಲ್ಲ ಇದ್ದದ್ದು ಕಡೆದವರ ಕೈಯ ಮೇಲೆ.

ಮೊದಲು ಕಲ್ಲಿನ ಮಾತು. ಟರ್ಕಿಯ ನಡುಭಾಗದ ಈ ಪ್ರಸ್ಥಭೂಮಿಯ ಸುತ್ತ ಎರ್ಜಿಯೆಸ್, ಹಸನ್ ಮುಂತಾದ ಜ್ವಾಲಾಮುಖಿ ಪರ್ವತಗಳಿವೆ. ಎರ್ಜಿಯೆಸ್‌ನ ಎತ್ತರ 3,917 ಮೀಟರ್, ತುದಿಯಲ್ಲಿ ಹಿಮ. ಸುಮಾರು ಒಂದು ಕೋಟಿ ವರ್ಷಗಳ ಹಿಂದಿನಿಂದ ಈ ಸೀಮೆಯ ಜ್ವಾಲಾಮುಖಿಗಳು ಮತ್ತೆ ಮತ್ತೆ ಉಗುಳಿದ ಬೂದಿ ಪದರ ಪದರವಾಗಿ ಕೂತು ಕಲ್ಲಾಗಿದೆ. ಭೂವಿಜ್ಞಾನಿಗಳು ಅದನ್ನು ಟಫ್ ಎನ್ನುತ್ತಾರೆ, ನಾನು ಬೂದಿಗಲ್ಲು ಎಂದು ಕರೆಯುತ್ತೇನೆ. ಕೆಲವು ಕಡೆ ಬೂದಿಗಲ್ಲಿನ ಮೇಲೆ ಗಟ್ಟಿಯಾದ ಕರಿಕಲ್ಲಿನ ಪದರ ಬಂದು ಕೂತಿದೆ. ಮಳೆ, ಗಾಳಿ, ಹಿಮ ಸುತ್ತಲಿನ ಮೆದು ಕಲ್ಲನ್ನು ಕೊರೆದು ಒಯ್ದಾಗ ಗಟ್ಟಿ ಕಲ್ಲನ್ನು ಹೊತ್ತ ಜಾಗ ಮಾತ್ರ ಕಂಬವಾಗಿ ಉಳಿಯುತ್ತದೆ. ಕಪಡೋಕಿಯಾದ ಎಲ್ಲ ಚಿತ್ರಗಳಲ್ಲೂ ಕಾಣುವ ಟೊಪ್ಪಿ ಹಾಕಿದ ಶಂಕುಗಳು ಹುಟ್ಟಿದ್ದು ಹೀಗೆ.

ನಮ್ಮ ಕೋಲಾರದ ಚಿನ್ನದ ಗಣಿಯ ಕಪ್ಪು ಶಿಲೆಯ ಮೂಲವೂ ಜ್ವಾಲಾಮುಖಿಯೇ. ಅದರ ವಯಸ್ಸು ಸುಮಾರು 270 ಕೋಟಿ ವರ್ಷ. ಅಷ್ಟು ಕಾಲ ಭೂಮಿಯ ಒತ್ತಡ, ಶಾಖದಲ್ಲಿ ಬೆಂದು ಅದು ಉಕ್ಕಿಗೆ ಸಮನಾಗಿದೆ. ಗೊರೆಮೆಯ ಕಲ್ಲು ಅದರ ಮುಂದೆ ನಿನ್ನೆ ಮೊನ್ನೆಯದು. ಹೊಸದಾಗಿ ಬಗೆದ ಜಾಗದಲ್ಲಿ ಒಣಗಿದ ಬೆಲ್ಲದ ಅಚ್ಚಿನಷ್ಟೇ ಗಟ್ಟಿ, ಬಲವಾಗಿ ಕೆರೆದರೆ ಪುಡಿ ಬರುತ್ತದೆ. ಗಾಳಿಗೆ ತೆರೆದುಕೊಂಡು ಕೆಲ ಕಾಲವಾದ ಮೇಲೆ ಅದರ ಹೊರಮೈ ಬಿಗಿಯುತ್ತದೆ. ಕಡೆಯುವಾಗ ಮೆದು, ಕಡೆದ ಮೇಲೆ ಗಟ್ಟಿ. ಇಂಥ ಕಲ್ಲು ಕಾಲ ಕೆಳಗೇ ಇದ್ದರೆ, ಮರ ವಿರಳವಾದ ಆ ಬಯಲಿನಲ್ಲಿ ಯಾರು ತಾನೇ ಗೋಡೆ ಕಟ್ಟಲು ಹೋಗುತ್ತಾರೆ?

ನಮ್ಮಲ್ಲಿ ಬಂಡೆಯಿಂದ ಚಪ್ಪಡಿ ಎಬ್ಬಿಸಬೇಕಾದರೆ ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಪದರ ಬಿಟ್ಟುಕೊಳ್ಳುವವರೆಗೆ ಕಾಯುತ್ತಿದ್ದರು. ಸೀಳಬೇಕಾದರೆ ಸಾಲಾಗಿ ಕುಳಿ ಹೊಡೆದು ಬೆಣೆ ಬಡಿಯಬೇಕು. ದ್ರಾಕ್ಷಿ ಚಪ್ಪರಕ್ಕೆ, ಹೊಲದ ಬೇಲಿಗೆ, ಹಳ್ಳಿಯ ಕೊಟ್ಟಿಗೆಗೆ ನಿಲ್ಲಿಸಿದ ಕಲ್ಲುಕಂಬಗಳ ಅಂಚಿನಲ್ಲಿ ಇವತ್ತಿಗೂ ಆ ಅರ್ಧ ಕುಳಿಗಳ ಸಾಲು ಕಾಣುತ್ತದೆ. ಅಂತರಗಂಗೆ ಬೆಟ್ಟದ ಗುಹೆಗಳನ್ನು ಯಾರೂ ಕೊರೆದಿಲ್ಲ, ಒಂದರ ಮೇಲೊಂದು ಬಿದ್ದ ಬಂಡೆಗಳ ನಡುವಿನ ಸಂದುಗಳವು. ಗ್ರಾನೈಟಿನಲ್ಲಿ ಕೋಣೆ ಕೊರೆಯುವುದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ ಚಿಂತಾಮಣಿಯ ಬಳಿಯ ಕೈಲಾಸಗಿರಿಗೆ ಹೋಗಿ ನೋಡಬೇಕು. ಅಲ್ಲಿನ ಗುಹಾ ದೇವಾಲಯ ಇತ್ತೀಚಿನ ದಶಕಗಳದ್ದು. ಗೊರೆಮೆಯ ರೈತನಿಗೆ ಬೇಕಾದದ್ದು ಒಂದು ಮೊನಚು ಗುದ್ದಲಿ ಮತ್ತು ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲ. "ಮಗನಿಗೆ ಮದುವೆ ಗೊತ್ತಾದರೆ ನಮ್ಮ ತಾತ ಪಕ್ಕದ ಗೋಡೆಗೆ ಗುದ್ದಲಿ ಹಾಕುತ್ತಿದ್ದರಂತೆ" ಎಂದು ನಾವಿದ್ದ ಮನೆಯ ಯಜಮಾನ ಹೇಳಿದ. ಮನೆ ಬೆಳೆಯುತ್ತಿದ್ದದ್ದು ಒಳಮುಖವಾಗಿ.

ಉಳಿಯ ಗುರುತು ಅಲ್ಲಿ ಎಲ್ಲೆಡೆ ಇದೆ. ಹಗಲು ಬೆಳಕಿನಲ್ಲಿ ಗೋಡೆ ಸುಮ್ಮನೆ ಒರಟಾಗಿ ಕಾಣುತ್ತದೆ. ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕನ್ನು ಅಡ್ಡಲಾಗಿ ಬಿಟ್ಟರೆ ಗೀರುಗಳು ಎದ್ದು ಬರುತ್ತವೆ. ಹೆಚ್ಚಿನವು ಮೇಲಿನಿಂದ ಕೆಳಕ್ಕೆ ಓರೆಯಾಗಿ, ಒಂದೇ ಅಂತರದಲ್ಲಿ, ಒಂದೇ ಕೋನದಲ್ಲಿ ಇಳಿದಿವೆ. ಒಂದು ಕಡೆ ಇದ್ದಕ್ಕಿದ್ದಂತೆ ಓರೆ ಬದಲಾಗುತ್ತದೆ. ಬೇರೆಯವನು ಬಂದು ಕೆಲಸ ಹಿಡಿದಿರಬೇಕು, ಇಲ್ಲವೇ ಅವನೇ ನಿಂತ ಜಾಗ ಬದಲಿಸಿರಬೇಕು. ಮೂಲೆಗಳಲ್ಲಿ ಏಟು ಚಿಕ್ಕದು, ಒತ್ತೊತ್ತು. ಸೂರಿನಲ್ಲಿ ಏಟುಗಳು ಉದ್ದವಾಗಿವೆ, ತಲೆಯ ಮೇಲೆ ತೋಳೆತ್ತಿ ಬೀಸಿದ ಏಟು. ಇದನ್ನೆಲ್ಲ ಮಗಳ ಮೊಬೈಲಿನಿಂದ ವಿಡಿಯೊ ಕರೆಯಲ್ಲಿ ಅಪ್ಪನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇವನು ಅವಸರ ಮಾಡಿಲ್ಲ" ಎಂದರು. ಹೆಸರಿಲ್ಲದ ಆ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ನಾನು ಕಾಣೆ.

ಗೊರೆಮೆಗೆ ಎಲ್ಲರೂ ಹೋಗುವುದು ಬಯಲು ವಸ್ತುಸಂಗ್ರಹಾಲಯದಲ್ಲಿರುವ ಚರ್ಚುಗಳಿಗಾಗಿ. ನಾಲ್ಕನೆಯ ಶತಮಾನದಲ್ಲಿ ಇಂದಿನ ಕಾಯ್ಸೇರಿ ನಗರದ ಬಿಷಪ್ ಆಗಿದ್ದ ಸಂತ ಬೆಸಿಲ್ ಸನ್ಯಾಸಿಗಳ ಗುಂಪುಬಾಳ್ವೆಗೆ ಕಟ್ಟಳೆ ಮಾಡಿಕೊಟ್ಟ ಮೇಲೆ ಈ ಸೀಮೆ ಕ್ರೈಸ್ತ ಸನ್ಯಾಸಿಗಳ ನೆಲೆಯಾಯಿತು. ಈಗ ಉಳಿದಿರುವ ಚರ್ಚುಗಳಲ್ಲಿ ಹೆಚ್ಚಿನವು 10ರಿಂದ 12ನೆಯ ಶತಮಾನದವು. 1985ರಲ್ಲಿ ಯುನೆಸ್ಕೊ ಗೊರೆಮೆಯನ್ನೂ ಕಪಡೋಕಿಯಾದ ಶಿಲಾನೆಲೆಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ತೊಕಾಲಿ ಚರ್ಚಿನ ಗೋಡೆಗಳ ಗಾಢ ನೀಲಿಯನ್ನು ಲಾಜವರ್ದ ಎಂಬ ನೀಲಿ ಕಲ್ಲನ್ನು ಅರೆದು ಮಾಡಿದ್ದಾರೆ. ಕತ್ತಲ ಚರ್ಚು ಎಂದು ಕರೆಯುವ ಕರಾನ್ಲಿಕ್ ಕಿಲಿಸೆಗೆ ಬೆಳಕು ಬರುವುದು ಒಂದು ಚಿಕ್ಕ ಕಿಂಡಿಯಿಂದ ಮಾತ್ರ. ಅದರ 11ನೆಯ ಶತಮಾನದ ಚಿತ್ರಗಳ ಬಣ್ಣ ಮಾಸದೆ ಉಳಿದದ್ದು ಆ ಕತ್ತಲೆಯಿಂದ. ಸಂತ ಬಾರ್ಬರಾ ಚರ್ಚಿನಲ್ಲಿ ಬೇರೆಯೇ ಬಗೆ: ಗಾರೆ ಇಲ್ಲದ ಬರಿಯ ಕಲ್ಲಿನ ಮೇಲೆ ಕಾವಿಯಿಂದ ಎಳೆದ ಗೆರೆ, ಚೌಕ, ಶಿಲುಬೆ. ನಮ್ಮ ಹಳ್ಳಿಯ ಗೋಡೆಗಳ ಕೆಮ್ಮಣ್ಣಿನ ಪಟ್ಟೆಯನ್ನು ಕಂಡು ಬೆಳೆದ ನನಗೆ ನೀಲಿಗಿಂತ ಆ ಕಾವಿಯೇ ಹತ್ತಿರವಾಯಿತು.

ನನ್ನನ್ನು ಅಲ್ಲಾಡದಂತೆ ನಿಲ್ಲಿಸಿದ್ದು ಮಾತ್ರ ಕಂಬಗಳು. ಕೆಲವು ಚರ್ಚುಗಳಲ್ಲಿ ಕಂಬದ ಕೆಳಭಾಗ ಕಳಚಿಹೋಗಿದೆ, ಕಂಬದ ತಲೆಭಾಗವಾದ ಬೋದಿಗೆ ಮಾತ್ರ ಸೂರಿನಿಂದ ನೇತುಬಿದ್ದಿದೆ, ಸೂರಿಗೆ ಏನೂ ಆಗಿಲ್ಲ. ಕಾರಣ ಸರಳ. ಅಲ್ಲಿ ಕಂಬ ಏನನ್ನೂ ಹೊತ್ತಿಲ್ಲ. ಕಮಾನು, ಗುಮ್ಮಟ, ಕಂಬ ಎಲ್ಲವೂ ಒಂದೇ ಬಂಡೆ, ಸುತ್ತಲಿನ ಕಲ್ಲನ್ನು ತೆಗೆದಾಗ ಉಳಿದ ಆಕಾರ. ಕಟ್ಟಡ ಕಟ್ಟಿ ಅಭ್ಯಾಸವಿದ್ದ ಜನ ಬಂಡೆಯೊಳಗೂ ಕಟ್ಟಡದ ರೂಪವನ್ನೇ ಬಯಸಿದರು. ಬಾದಾಮಿಯಲ್ಲೂ ಹೀಗೆಯೇ. 578ರ ಮಂಗಳೇಶನ ಶಾಸನವಿರುವ ಮೂರನೆಯ ಗುಹೆಯಲ್ಲಿ ಮರದ ತೊಲೆಗಳಂತೆ ಕಡೆದ ಕಲ್ಲಿನ ತೊಲೆಗಳಿವೆ. ಎರಡು ಕಡೆಯ ಕೆಲಸಗಾರರೂ ಒಬ್ಬರನ್ನೊಬ್ಬರು ಬಲ್ಲವರಲ್ಲ. ಆದರೂ ಬಂಡೆಯ ಮುಂದೆ ನಿಂತಾಗ ಇಬ್ಬರ ಕೈಯೂ ಒಂದೇ ದಾರಿ ಹಿಡಿದಿದೆ. ಸನ್ಯಾಸಿಗಳ ಊಟದ ಮನೆಯಲ್ಲಿ ಉದ್ದನೆಯ ಮೇಜು, ಅದರ ಎರಡೂ ಕಡೆಯ ಜಗಲಿ ಕೂಡ ನೆಲದಿಂದಲೇ ಎದ್ದ ಕಲ್ಲು. ಆ ಮೇಜನ್ನು ಯಾರೂ ಎಂದೂ ಎತ್ತಿ ಬೇರೆ ಕಡೆ ಇಡಲಾರರು.

ಚಿತ್ರಗಳಲ್ಲಿ ಹಲವು ಸಂತರ ಕಣ್ಣು, ಮುಖಗಳನ್ನು ಕೆರೆದಿದ್ದಾರೆ. ನೋಡಲು ನೋವಾಗುತ್ತದೆ. ಆ ನೋವಿಗೆ ಎದುರಾಗಿ ಪಾರಿವಾಳಗಳ ಕತೆ ಇದೆ. ಈ ಕಣಿವೆಗಳ ಬಂಡೆಗಳಲ್ಲಿ ಎತ್ತರದಲ್ಲಿ ಸಾಲು ಸಾಲು ಪುಟ್ಟ ಗೂಡುಗಳಿವೆ, ಸುತ್ತ ಬಣ್ಣದ ಚಿತ್ತಾರ. ರೈತರು ಪಾರಿವಾಳಗಳನ್ನು ಕರೆದು ಕೂರಿಸುತ್ತಿದ್ದದ್ದು ಹಿಕ್ಕೆಗಾಗಿ. ಬೂದಿಮಣ್ಣಿನಲ್ಲಿ ಸಾರ ಕಡಿಮೆ, ದ್ರಾಕ್ಷಿ ತೋಟಕ್ಕೆ ಗೊಬ್ಬರ ಬೇಕು. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ಮಂದೆ ಹಾಕಿಸಿ ಅದಕ್ಕೆ ಕುರುಬರಿಗೆ ರಾಗಿ ಅಳೆದು ಕೊಡುವ ನಮ್ಮ ಸೀಮೆಯವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಕತ್ತಲ ಚರ್ಚು ಕೂಡ ಬಹಳ ಕಾಲ ಪಾರಿವಾಳದ ಗೂಡಾಗಿಯೇ ಇತ್ತು, ಗೋಡೆಗೆ ಅಂಟಿದ್ದ ಹಿಕ್ಕೆಯನ್ನು ಬಿಡಿಸಿ ಚಿತ್ರಗಳನ್ನು ಹೊರತರಬೇಕಾಯಿತು. ಅಲ್ಲಿನ ದ್ರಾಕ್ಷಿ ಬಳ್ಳಿಗೆ ಚಪ್ಪರವಿಲ್ಲ, ನೆಲದ ಮೇಲೇ ಹರಡಿಕೊಂಡಿರುತ್ತದೆ. ಹಣ್ಣಿನ ರಸವನ್ನು ಕುದಿಸಿ ಪೆಕ್ಮೆಜ್ ಎಂಬ ಪಾಕ ಮಾಡುತ್ತಾರೆ. ರೊಟ್ಟಿಗೆ ಅದನ್ನು ಹಚ್ಚಿ ತಿಂದಾಗ ಜೋನಿಬೆಲ್ಲ ನೆನಪಾಗದೆ ಇರುವುದಿಲ್ಲ.

ಇನ್ನು ದೆರಿನ್‌ಕುಯು. ನೆಲದ ಮೇಲೆ ಅದೊಂದು ಸಾಧಾರಣ ಊರು, ನೋಡಿದರೆ ಏನೂ ತಿಳಿಯುವುದಿಲ್ಲ. 1963ರಲ್ಲಿ ಒಬ್ಬ ನಿವಾಸಿ ಮನೆ ದುರಸ್ತಿ ಮಾಡಿಸುವಾಗ ಗೋಡೆ ಒಡೆದರೆ ಅದರ ಹಿಂದೆ ಒಂದು ಓಣಿ ಕಂಡಿತು. ಅದು ಕೆಳಗೆ, ಇನ್ನೂ ಕೆಳಗೆ ಹೋಗುತ್ತಾ ಸುಮಾರು 85 ಮೀಟರ್ ಆಳದ ಊರಿಗೆ ದಾರಿಯಾಯಿತು. ಮೇಲಿನ ಅಂತಸ್ತಿನಲ್ಲಿ ದನಕರುಗಳ ಕೊಟ್ಟಿಗೆ, ಕೆಳಗೆ ಕಣಜ, ಅಡುಗೆಮನೆ, ದ್ರಾಕ್ಷಿ ಹಿಂಡುವ ತೊಟ್ಟಿ, ಕಮಾನು ಸೂರಿನ ಪಾಠಶಾಲೆ, ತಳದಲ್ಲಿ ಶಿಲುಬೆಯಾಕಾರದ ಚರ್ಚು. 20,000 ಜನ ಆಸರೆ ಪಡೆಯಬಹುದಿತ್ತು ಎಂಬ ಅಂದಾಜಿದೆ. ಕಾಯಂ ಆಗಿ ಬಾಳುವ ಊರಲ್ಲ ಅದು, ದಂಡು ಬಂದಾಗ ಮರೆಯಾಗುವ ಊರು. ಅರಬ್ಬರಿಗೂ ಬೈಜಾಂಟಿಯಂ ಸಾಮ್ರಾಜ್ಯಕ್ಕೂ ಯುದ್ಧ ನಡೆಯುತ್ತಿದ್ದ ಶತಮಾನಗಳಲ್ಲಿ ಈ ಸೀಮೆ ಎರಡರ ನಡುವಿನ ಗಡಿ. ಓಣಿಯ ಇಕ್ಕಟ್ಟಾದ ಜಾಗಗಳಲ್ಲಿ ಬೀಸುಕಲ್ಲಿನಾಕಾರದ ದೊಡ್ಡ ಕಲ್ಲಿನ ಚಕ್ರಗಳು ಗೋಡೆಯ ಗೂಡಿನಲ್ಲಿ ಕಾದಿವೆ. ಅವನ್ನು ಉರುಳಿಸಿ ದಾರಿ ಮುಚ್ಚಲು ಒಳಗಿನವರಿಗೆ ಮಾತ್ರ ಸಾಧ್ಯ. ನಡುವೆ ಒಂದು ತೂತು, ಹೊರಗೆ ಯಾರಿದ್ದಾರೆಂದು ನೋಡಲು, ಅಥವಾ ಈಟಿ ತೂರಿಸಲು.

ನಾನು ಅಲ್ಲಿ ಬಹಳ ಹೊತ್ತು ನಿಂತದ್ದು ಗಾಳಿಗಂಡಿಯ ಹತ್ತಿರ. ಸುಮಾರು 55 ಮೀಟರ್ ಆಳದ ಬಾವಿ ಅದು. ಗಾಳಿಗೂ ಅದೇ, ನೀರಿಗೂ ಅದೇ. ಮೊದಲು ಬಾವಿ ತೋಡಿ, ಆಮೇಲೆ ಅದರಿಂದ ಅಡ್ಡಲಾಗಿ ಕೋಣೆಗಳನ್ನು ಬಗೆಯುತ್ತಾ, ಬಗೆದ ಪುಡಿಯನ್ನು ಅದೇ ಬಾವಿಯಿಂದ ಮೇಲಕ್ಕೆ ಸೇದುತ್ತಿದ್ದರು ಎನ್ನುತ್ತಾರೆ. ನನ್ನ ಸೋದರಮಾವ ಕೆಜಿಎಫ್ ಗಣಿಯಲ್ಲಿ ಇಳಿಯುತ್ತಿದ್ದವರು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋದ ಆ ಗಣಿಯ ಮುಂದೆ 85 ಮೀಟರ್ ಏನೂ ಅಲ್ಲ. ಆದರೆ ಆಳಕ್ಕೆ ಇಳಿಯುವವರ ಮೊದಲ ಚಿಂತೆ ಯಾವಾಗಲೂ ಗಾಳಿ ಎಂದು ಮಾವ ಹೇಳುತ್ತಿದ್ದರು. ಚಿನ್ನ, ದಾರಿ, ಕೂಲಿ ಎಲ್ಲವೂ ಆಮೇಲೆ. ತಳದ ಅಂತಸ್ತಿನಲ್ಲಿ ನಿಂತು ಕೈ ಚಾಚಿದರೆ ತಣ್ಣನೆಯ ಗಾಳಿ ಬೆರಳಿಗೆ ತಗಲುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಎಷ್ಟೋ ಶತಮಾನಗಳ ಹಿಂದೆ ಯಾರೋ ಸರಿಯಾದ ಜಾಗದಲ್ಲಿ ತೋಡಿದ ತೂತಿನಿಂದ ಇವತ್ತಿಗೂ ಗಾಳಿ ಬರುತ್ತಿದೆ. ಅಲ್ಲಿ ನನಗೆ ಕಣ್ಣು ತುಂಬಿ ಬಂತು, ಮಗಳು ಸುಮ್ಮನೆ ಭುಜ ಹಿಡಿದುಕೊಂಡಳು.

ಈ ಅಡಗುತಾಣಗಳು ಪುರಾತನ ಕಾಲಕ್ಕೇ ಮುಗಿದವಲ್ಲ. 1909ರಲ್ಲಿ ಅದಾನಾ ನಗರದಲ್ಲಿ ನಡೆದ ಅರ್ಮೇನಿಯನ್ ಕ್ರೈಸ್ತರ ಹತ್ಯಾಕಾಂಡದ ಸುದ್ದಿ ಬಂದಾಗಲೂ ಈ ಸೀಮೆಯ ಒಂದು ಹಳ್ಳಿಯ ಜನ ನೆಲದಡಿಯ ಕೋಣೆಗಳಿಗೆ ಇಳಿದಿದ್ದರು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲುಬದಲು ಮಾಡಿಕೊಳ್ಳಲು ಒಪ್ಪಂದ ಮಾಡಿಕೊಂಡವು. ಟರ್ಕಿಯ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಮುಸ್ಲಿಮರು ಟರ್ಕಿಗೆ. ಗೆರೆ ಎಳೆದದ್ದು ಧರ್ಮದ ಮೇಲೆ. ಕಪಡೋಕಿಯಾದ ಅನೇಕ ಕ್ರೈಸ್ತರ ಮನೆಮಾತು ಟರ್ಕಿ ಭಾಷೆ. ಅವರು ಅದನ್ನು ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಉರ್ದು ಎಲ್ಲವನ್ನೂ ಬೆರೆಸಿಕೊಂಡು ಬದುಕುವ, ಕೈವಾರ ತಾತಯ್ಯನವರ ತೆಲುಗು, ಕನ್ನಡ ಕೀರ್ತನೆಗಳನ್ನು ಒಂದೇ ಭಜನೆಯಲ್ಲಿ ಹಾಡುವ ನಮ್ಮ ಕಡೆಯವರನ್ನು ಒಂದು ಕಾಗದ ಹಿಡಿದು ಹೀಗೆ ವಿಂಗಡಿಸಿದರೆ ಯಾರು ಎಲ್ಲಿಗೆ ಹೋಗಬೇಕು? ಹಿಂದೆ ಸಿನಾಸೋಸ್ ಎನ್ನುತ್ತಿದ್ದ ಮುಸ್ತಫಾಪಾಶಾ ಊರಿನಲ್ಲಿ ಗ್ರೀಕರು ಬಿಟ್ಟುಹೋದ ಕಲ್ಲಿನ ಮನೆಗಳಿವೆ. ಕಿಟಕಿಯ ಚೌಕಟ್ಟು, ಬಾಗಿಲ ಮೇಲಿನ ಹೂಬಳ್ಳಿ ಎಲ್ಲದರಲ್ಲೂ ನುರಿತ ಕೈ. ಅಷ್ಟು ಪ್ರೀತಿಯಿಂದ ಬಾಗಿಲ ಚೌಕಟ್ಟಿಗೆ ಚಿತ್ತಾರ ಕೆತ್ತಿಸಿದವರು ಅದೇ ಬಾಗಿಲು ಹಾಕಿಕೊಂಡು ಹೊರಟರು. ಅವರು ಹೋದ ಮೇಲೆ ಹಲವು ಚರ್ಚುಗಳಿಗೆ ದಿಕ್ಕಿಲ್ಲದಾಯಿತು.

ಜೆಲ್ವೆ ಕಣಿವೆಯನ್ನು ಬಿಡಬಾರದು. ಅಲ್ಲಿ 1952ರವರೆಗೆ ಜನ ಬಂಡೆಯೊಳಗಿನ ಮನೆಗಳಲ್ಲೇ ಇದ್ದರು. ಬಂಡೆಗಳು ಕುಸಿಯತೊಡಗಿದ್ದರಿಂದ ಅವರನ್ನು ಹತ್ತಿರದ ಹೊಸ ಹಳ್ಳಿಗೆ ಸ್ಥಳಾಂತರಿಸಲಾಯಿತು. ಈಗ ಎಷ್ಟೋ ಕೋಣೆಗಳ ಮುಂಭಾಗವೇ ಕಳಚಿ ಬಿದ್ದಿದೆ. ಒಲೆಯ ಮಸಿ, ಗೋಡೆಗೂಡು, ದೀಪದ ಕುಳಿ, ದನ ಕಟ್ಟುವ ಕಲ್ಲಿನ ಬಳೆ ಎಲ್ಲವೂ ಬಯಲಿಗೆ ತೆರೆದುಕೊಂಡಿವೆ. ಸುಲಭವಾಗಿ ಕಡೆಯಲು ಬಿಟ್ಟ ಅದೇ ಮೆದುತನ ಈಗ ಮಳೆ, ಹಿಮಕ್ಕೂ ದಾರಿ ಕೊಡುತ್ತಿದೆ.

ಒಂದು ವಿಷಯವನ್ನು ಪ್ರವಾಸದ ಪುಸ್ತಿಕೆಗಳು ಹೇಳುವುದಿಲ್ಲ, ನಾನು ಹೇಳಲೇಬೇಕು. ಈ ಸೀಮೆಯ ಕರಾಯಿನ್, ತುಜ್‌ಕೊಯ್, ಸಾರಿಹಿದಿರ್ ಎಂಬ ಹಳ್ಳಿಗಳಲ್ಲಿ ಶ್ವಾಸಕೋಶದ ಹೊದಿಕೆಗೆ ಬರುವ ಅಪರೂಪದ ಕ್ಯಾನ್ಸರಿನಿಂದ ಮನೆ ಮನೆಯಲ್ಲಿ ಜನ ಸಾಯುತ್ತಿದ್ದರು. 1970ರ ದಶಕದಲ್ಲಿ ಟರ್ಕಿಯ ವೈದ್ಯ ಇಜ್ಜೆತ್ತಿನ್ ಬಾರಿಷ್ ಇದರ ಬೆನ್ನುಹತ್ತಿದರು. ಆ ಹಳ್ಳಿಗಳ ಕಲ್ಲಿನಲ್ಲಿರುವ ಎರಿಯೊನೈಟ್ ಎಂಬ ಖನಿಜದ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಹೋಗುತ್ತಿದ್ದದ್ದೇ ಕಾರಣವೆಂದು ಗೊತ್ತಾಯಿತು. ತುಜ್‌ಕೊಯ್ ಜನರನ್ನು ಹೊಸ ಜಾಗಕ್ಕೆ ಸಾಗಿಸಬೇಕಾಯಿತು. ಕಪಡೋಕಿಯಾದ ಎಲ್ಲ ಕಲ್ಲಿನಲ್ಲೂ ಇದು ಇಲ್ಲ. ಆದರೆ ಕಲ್ಲಿನ ಧೂಳಿನ ನಡುವೆ ಬೆಳೆದ ನನಗೆ ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಶೆಡ್ಡುಗಳಲ್ಲಿ ಈಗ ಕೈ ಉಳಿಗಿಂತ ಕರೆಂಟಿನ ಕಟ್ಟರ್ ಹೆಚ್ಚು, ಧೂಳು ಹಿಟ್ಟಿನ ಗಿರಣಿಗಿಂತ ದಟ್ಟ. ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ, ತಡೆಯುವುದೊಂದೇ ದಾರಿ. ಊರಿಗೆ ಬಂದ ಮೇಲೆ ಅಣ್ಣನ ಶೆಡ್ಡಿಗೆ ಒಳ್ಳೆಯ ಮುಖಗವಸುಗಳನ್ನು ತರಿಸಿದ್ದೇನೆ, ಕಲ್ಲು ಕೊಯ್ಯುವಾಗ ನೀರು ಬಿಡುವ ಕೊಳವೆಯನ್ನೂ ಹಾಕಿಸಿದ್ದೇನೆ. ಅಪ್ಪ ಬಟ್ಟೆ ಕಟ್ಟಿಕೊಂಡರೆ ಸಾಲದೇ ಎನ್ನುತ್ತಾರೆ. ಸಾಲದು ಎಂದು ದಿನವೂ ಹೇಳುತ್ತಿದ್ದೇನೆ.

ಮನಸ್ಸು ಹಗುರವಾದ ಜಾಗ ಒರ್ತಾಹಿಸಾರ್. ಊರ ನಡುವೆ ಕೋಟೆಯಾಗಿದ್ದ ಭಾರಿ ಬಂಡೆ, ಅದರ ಸುತ್ತಲಿನ ಬೂದಿಗಲ್ಲಿನೊಳಗೆ ಗೋದಾಮುಗಳು. ಮೆಡಿಟರೇನಿಯನ್ ತೀರದ ನಿಂಬೆಹಣ್ಣು ಲಾರಿಗಳಲ್ಲಿ ಬಂದು ಇಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಆಲೂಗಡ್ಡೆ, ಸೇಬೂ ಇವೆ. ಕಲ್ಲೊಳಗಿನ ತಂಪು ವರ್ಷವಿಡೀ ಹೆಚ್ಚುಕಡಿಮೆ ಒಂದೇ, ವಿದ್ಯುತ್ ಖರ್ಚಿಲ್ಲ. ಬೆಲೆ ಬಿದ್ದ ವಾರದಲ್ಲಿ ಕೋಲಾರದ ಎಪಿಎಂಸಿಯಿಂದ ಹಿಂದಿರುಗುವ ರೈತರು ಟೊಮೆಟೊವನ್ನು ರಸ್ತೆ ಬದಿಗೆ ಸುರಿಯುವುದನ್ನು ಕಂಡವಳು ನಾನು. ಟೊಮೆಟೊ ನಿಂಬೆಯಷ್ಟು ಕಾಲ ತಡೆಯದು, ನಮ್ಮ ಗ್ರಾನೈಟಿನಲ್ಲಿ ಗೋದಾಮು ಕೊರೆಯಲೂ ಆಗದು. ಆದರೂ ಆ ನಿಂಬೆಯ ಪೆಟ್ಟಿಗೆಗಳ ಸಾಲಿನ ಮುಂದೆ ನಿಂತಾಗ, ಸಾವಿರ ವರ್ಷದ ಹಿಂದಿನ ಕಸುಬು ಈಗಲೂ ಒಬ್ಬ ರೈತನ ಬೆಳೆಯನ್ನು ಕಾಯುತ್ತಿರುವುದನ್ನು ಕಂಡು ತುಂಬಾ ಸಂತೋಷವಾಯಿತು.

ಹೋಗುವವರಿಗೆ ಎರಡು ಮಾತು. ದೆರಿನ್‌ಕುಯುಗೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಓಣಿಗಳು ಒಬ್ಬರು ನಡೆಯುವಷ್ಟೇ ಅಗಲ, ಜನ ತುಂಬಿದರೆ ಮೇಲೆ ಬರುವವರಿಗಾಗಿ ಕತ್ತಲಲ್ಲಿ ಕಾಯಬೇಕು. ಹೊರಗೆ ಬಿಸಿಲಿದ್ದರೂ ಒಳಗೆ ಸುಮಾರು 13 ಡಿಗ್ರಿ, ಸ್ವೆಟರ್ ಇರಲಿ. ಮೊಣಕಾಲು ನೋವಿರುವವರು ಕಾಯ್ಮಕ್ಲಿ ಎಂಬ ಇನ್ನೊಂದು ನೆಲದಡಿಯ ಊರನ್ನು ನೋಡಬಹುದು. ಅಲ್ಲಿ ಇಳಿಯಬೇಕಾದ ಆಳ ಕಡಿಮೆ, ಆದರೆ ಸೂರು ತಗ್ಗು, ಬೆನ್ನು ಬಗ್ಗಿಸಲೇಬೇಕು. ಚರ್ಚುಗಳ ಒಳಗೆ ಫೋಟೊಗೆ ಅನುಮತಿ ಇಲ್ಲ, ಚಿತ್ರಗಳ ಮೇಲೆ ಟಾರ್ಚ್ ಬಿಡಬೇಡಿ. ಜೆಲ್ವೆಯ ಮನೆಗಳಲ್ಲಿ ಮಾತ್ರ ಬೆಳಕನ್ನು ಗೋಡೆಗೆ ಅಡ್ಡಲಾಗಿ ಹಿಡಿದು, ಬಾಗಿಲಿನಿಂದ ಶುರುಮಾಡಿ ಒಳಗಿನ ಮೂಲೆಯವರೆಗೆ ಏಟುಗಳನ್ನು ಹಿಂಬಾಲಿಸಿ. ಕಡೆಯುವವನು ಯಾವ ಕಡೆ ನಿಂತಿದ್ದ, ಎಲ್ಲಿ ತಿರುಗಿದ, ಎಲ್ಲಿ ಕೆಲಸ ನಿಲ್ಲಿಸಿದ ಎಂಬುದೆಲ್ಲ ಅಲ್ಲೇ ಇದೆ.